ನಿಂತ ಬೈಕಿಗೆ ಕಿಕ್ ಹೊಡೆಯುವ ಮೊದಲು

ಓಡುತ್ತಿದ್ದ ಬೈಕು ಇದ್ದಕ್ಕಿದ್ದಂತೆ ಬಂದ್ ಬಿದ್ದರೆ ಬಹಳ ಮಂದಿ ಮಾಡುವ ಕೆಲಸ ಒಂದೇ: ಕಾಲು ಸೋಲುವ ತನಕ ಕಿಕ್ ಹೊಡೆಯುವುದು, ಇಲ್ಲವೇ ಬ್ಯಾಟರಿ ಸಾಯುವ ತನಕ ಸೆಲ್ಫ್ ಒತ್ತುವುದು. ಇದರಿಂದ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಪೆಟ್ರೋಲಿನಲ್ಲಿ ನೆನೆಯುತ್ತದೆ, ಬ್ಯಾಟರಿ ಇಳಿಯುತ್ತದೆ, ಒಂದಿದ್ದ ತೊಂದರೆ ಮೂರಾಗುತ್ತದೆ. ಗಾಡಿಯನ್ನು ರಸ್ತೆ ಬದಿಗೆ ತಳ್ಳಿ, ಸ್ಟ್ಯಾಂಡ್ ಹಾಕಿ. ಅದು ಹೇಗೆ ನಿಂತಿತು ಅನ್ನುವುದನ್ನು ಮೊದಲು ನೆನಪು ಮಾಡಿಕೊಳ್ಳಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ದೀಪ ಆರಿಸಿದ ಹಾಗೆ ಒಂದೇ ಏಟಿಗೆ ನಿಂತಿದ್ದರೆ ಕರೆಂಟಿನ ಕಡೆ ಹುಡುಕಿ. ನಾಲ್ಕಾರು ಸಲ ಮುಗ್ಗರಿಸಿ, ಆಕ್ಸಿಲರೇಟರ್ ತಿರುಗಿಸಿದರೂ ಎಳೆಯದೆ, ಉಸಿರು ಕಟ್ಟಿದ ಹಾಗೆ ನಿಧಾನಕ್ಕೆ ನಿಂತಿದ್ದರೆ ಪೆಟ್ರೋಲ್ ಸಿಗುತ್ತಿಲ್ಲ. ಇಂಜಿನ್ ಬಿಗಿ ಹಿಡಿದು, ಕರಕರ ಸದ್ದು ಮಾಡಿ, ಹಿಂದಿನ ಚಕ್ರವನ್ನೇ ಯಾರೋ ಹಿಡಿದೆಳೆದ ಹಾಗೆ ನಿಂತಿದ್ದರೆ ಕಿಕ್ಕರ್ ಮುಟ್ಟಲೇಬೇಡಿ, ಅದರ ಮಾತು ಕೊನೆಗೆ ಹೇಳುತ್ತೇನೆ.

ಸ್ಪ್ಯಾನರ್ ಹಿಡಿಯುವ ಮೊದಲು ಕಣ್ಣಿನಲ್ಲೇ ಮುಗಿಯುವ ಕೆಲಸ ಕೆಲವಿದೆ. ಹ್ಯಾಂಡಲ್ ಬಲಗಡೆಯ ಕೆಂಪು ಕಿಲ್ ಸ್ವಿಚ್ ಕೈ ತಾಗಿ ಆಫ್ ಆಗಿರಬಹುದು. ನಗುವ ಮಾತಲ್ಲ, ಅನುಭವಸ್ಥರೂ ಇದೊಂದನ್ನು ಬಿಟ್ಟು ಮಿಕ್ಕೆಲ್ಲ ಬಿಚ್ಚುತ್ತಾರೆ. ಕೆಲವು ಬೈಕುಗಳಲ್ಲಿ ಸೈಡ್ ಸ್ಟ್ಯಾಂಡಿಗೂ ಸ್ವಿಚ್ ಇರುತ್ತದೆ. ಅದರೊಳಗೆ ಕೆಸರು ಮೆತ್ತಿಕೊಂಡರೆ ಸ್ಟ್ಯಾಂಡ್ ಎತ್ತಿದ್ದರೂ ಇಳಿದೇ ಇದೆ ಎಂದು ತಿಳಿದು, ಗೇರ್ ಹಾಕಿದ ಕೂಡಲೇ ಇಂಜಿನ್ ಆಫ್ ಮಾಡುತ್ತದೆ. ಗಾಡಿ ಬಿದ್ದು ಎದ್ದಿದ್ದರೆ ಒಮ್ಮೆ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ. ವಾಲಿದ್ದನ್ನು ಗುರುತಿಸುವ ಸೆನ್ಸರ್ ಇರುವ ಗಾಡಿಗಳು ಹಾಗೆ ಮಾಡುವವರೆಗೆ ಸ್ಟಾರ್ಟ್ ಆಗುವುದಿಲ್ಲ. ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಮುಳ್ಳು ನೋಡಬೇಡಿ, ಮುಚ್ಚಳ ತೆಗೆದು ಟ್ಯಾಂಕಿನೊಳಗೇ ನೋಡಿ. ಟ್ಯಾಂಕಿನ ಕೆಳಗೆ ಕಾಕ್ (ಪೆಟ್ರೋಲ್ ನಲ್ಲಿ) ಇರುವ ಗಾಡಿಯಾದರೆ ರಿಸರ್ವ್‌ಗೆ ತಿರುಗಿಸಿ.

ಮುಚ್ಚಳ ತೆಗೆಯುವಾಗ ಕಿವಿ ಕೊಡಿ. 'ಸುಸ್' ಎಂದು ಗಾಳಿ ಒಳಗೆ ಹೋದ ಸದ್ದು ಬಂದರೆ ಕಳ್ಳ ಅಲ್ಲೇ ಇರಬಹುದು. ಪೆಟ್ರೋಲ್ ಇಳಿದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು, ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಯಷ್ಟು ತೂತು ಇದೆ. ಧೂಳು ಕೂತು ಅದು ಮುಚ್ಚಿದರೆ ಟ್ಯಾಂಕ್ ತುಂಬಿದ್ದರೂ ಹನಿ ಇಳಿಯುವುದಿಲ್ಲ. ಮುಚ್ಚಳ ತೆರೆದು ಒಂದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಗಾಡಿ ಏನೂ ಆಗದವರ ಹಾಗೆ ಸ್ಟಾರ್ಟ್ ಆಗುತ್ತದೆ, ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಮತ್ತೆ ನಿಲ್ಲುತ್ತದೆ. ಆ ತೂತನ್ನು ತೆಳು ತಂತಿಯಿಂದ ಬಿಡಿಸಿ, ಗಾಳಿ ಊದಿ. ಟ್ಯಾಂಕಿನ ಮೇಲೆ ಹಾಸಿದ ಕವರ್ ಅದನ್ನು ಮುಚ್ಚಿಕೊಂಡಿಲ್ಲವೇ ನೋಡಿ.

ಇಷ್ಟಕ್ಕೂ ಜಗ್ಗದಿದ್ದರೆ ಪ್ಲಗ್ ಬಿಚ್ಚಲೇಬೇಕು. ಮೊದಲು ಸುತ್ತಲಿನ ಧೂಳು ಊದಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿನೊಳಗೆ ಬೀಳುತ್ತದೆ. ಇಂಜಿನ್ ಕಾದಿದ್ದರೆ ಕೈ ಜೋಪಾನ. ಬಿಚ್ಚಿದ ಪ್ಲಗ್ಗಿನ ತುದಿ ನೋಡಿ. ಹಲವು ಸಲ ಕಿಕ್ ಹೊಡೆದ ಮೇಲೂ ತುದಿ ಒಣಗಿದ್ದರೆ ಪೆಟ್ರೋಲ್ ಸಿಲಿಂಡರ್ ತಲುಪುತ್ತಿಲ್ಲ. ತೊಯ್ದು ಪೆಟ್ರೋಲ್ ವಾಸನೆ ಬರುತ್ತಿದ್ದರೆ ಪೆಟ್ರೋಲ್ ಬರುತ್ತಿದೆ, ಹತ್ತಿಕೊಳ್ಳುತ್ತಿಲ್ಲ. ಕಾಡಿಗೆಯ ಹಾಗೆ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ತೆಗೆದು ನೋಡಿ. ಟೂ ಸ್ಟ್ರೋಕ್ ಗಾಡಿಗಳಲ್ಲಿ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಮಸಿ ಸೇತುವೆ ಕಟ್ಟಿಕೊಂಡು ಕಿಡಿಯನ್ನೇ ನುಂಗಿಬಿಡುತ್ತದೆ, ಉಗುರಿನಿಂದ ಕೆರೆದರೆ ಸಾಕು.

ಈಗ ಕಿಡಿ ನೋಡುವುದು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಮರೆ (ತಿರುಪಿನ ಸುತ್ತು) ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಗಟ್ಟಿಯಾಗಿ ತಾಗುವ ಹಾಗೆ ಇಡಿ. ಪ್ಲಗ್ ಬಿಚ್ಚಿದ ತೂತಿನಿಂದ ದೂರವಿರಲಿ, ಅಲ್ಲಿಂದ ಪೆಟ್ರೋಲ್ ಹಬೆ ಚಿಮ್ಮುತ್ತದೆ. ಆ ತೂತಿಗೆ ಬಟ್ಟೆ ತುರುಕಿ, ಹತ್ತಿರ ಪೆಟ್ರೋಲ್ ಚೆಲ್ಲಿದ್ದರೆ ಒರೆಸಿ, ಆಮೇಲೆ ಕೆಲಸ. ಹಿಡಿಯುವುದು ರಬ್ಬರ್ ಕ್ಯಾಪನ್ನೇ, ಅದೂ ಒಣ ಕೈಯಲ್ಲಿ. ಕೀ ಆನ್ ಮಾಡಿ ಕಿಕ್ ಹೊಡೆಸಿ. ಚಟಪಟ ಸದ್ದಿನ ನೀಲಿ ಕಿಡಿ ಬಂದರೆ ಕರೆಂಟ್ ಸರಿ ಇದೆ. ಕೆಂಪಗೆ, ಹಳದಿಯಾಗಿ, ಬಂದೂ ಬಾರದ ಹಾಗಿದ್ದರೆ ಅದು ಕಿಡಿಯಲ್ಲ, ಮೋಸ. ಕ್ಯಾಪನ್ನು ಯಾವುದಕ್ಕೂ ತಾಗಿಸದೆ ಗಾಳಿಯಲ್ಲಿ ನೇತಾಡಿಸಿ ಕಿಕ್ ಹೊಡೆಯುವ ಚಟ ಬೇಡ. ಹೋಗಲು ದಾರಿಯಿಲ್ಲದ ಆ ಕರೆಂಟ್ ಇಗ್ನಿಷನ್ ಕಾಯಿಲನ್ನೂ ಸಿಡಿಐಯನ್ನೂ (ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಡಬ್ಬಿ) ಸುಡಬಹುದು.

ಕಿಡಿ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಪ್ಲಗ್ಗಿನ ಎರಡು ತುದಿಗಳ ನಡುವಿನ ಗ್ಯಾಪ್ ಬಹುತೇಕ ಬೈಕುಗಳಲ್ಲಿ 0.7ರಿಂದ 0.8 ಮಿಲಿಮೀಟರ್ ಆಸುಪಾಸು, ನಿಮ್ಮ ಗಾಡಿಯದು ಕೈಪಿಡಿಯಲ್ಲಿರುತ್ತದೆ. ಆಮೇಲೆ ಕ್ಯಾಪ್. ಅದು ಕೇಬಲ್ಲಿಗೆ ಮರೆಯ ಮೇಲೆ ಕೂತಿರುತ್ತದೆ, ಎಡಕ್ಕೆ ತಿರುಗಿಸಿದರೆ ಕಳಚುತ್ತದೆ. ಕೇಬಲ್ ತುದಿ ಹಸಿರು ಹಿಡಿದಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ತಾಮ್ರಕ್ಕೆ ಕ್ಯಾಪ್ ತಿರುಪಿ. ಅದೂ ಆಗದಿದ್ದರೆ ಫ್ಯೂಸ್. ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ಆಂಪಿಯರಿನದ್ದೇ ಹಾಕಿ, ತಂತಿ ಸುತ್ತಬೇಡಿ. ಹೊಸದೂ ಸುಟ್ಟರೆ ಎಲ್ಲೋ ವೈರ್ ಸಿಪ್ಪೆ ಹೋಗಿ ಗಾಡಿಯ ಲೋಹಕ್ಕೆ ತಾಗುತ್ತಿದೆ ಎಂದರ್ಥ. ಹ್ಯಾಂಡಲ್ ತಿರುಗುವ ಕಡೆ, ಟ್ಯಾಂಕಿನ ಕೆಳಗೆ ಹುಡುಕಿ. ಕೀ ಆನ್ ಮಾಡಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗ ದೀಪ ಮಿಣಮಿಣ ಅಂದರೆ ವೈರ್ ಅಲ್ಲೇ ಒಳಗೆ ತುಂಡಾಗಿದೆ. ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಯಾದರೆ ಇಲಿ ಕಡಿದದ್ದೂ ಉಂಟು.

ಬಹಳ ಮಂದಿಯನ್ನು, ಮೆಕ್ಯಾನಿಕ್ಕರನ್ನೂ ಸೇರಿಸಿ, ಸುತ್ತಾಡಿಸುವ ರೋಗ ಒಂದಿದೆ. ಗಾಡಿ ಚೆನ್ನಾಗಿ ಕಾದ ಮೇಲೆ ನಿಲ್ಲುತ್ತದೆ. ಅರ್ಧ ಗಂಟೆ ಆರಿದರೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ರೋಗವೇ ಇರುವುದಿಲ್ಲ. ಇದಕ್ಕೆ ಇಗ್ನಿಷನ್ ಕಾಯಿಲ್, ಇಲ್ಲವೇ ಇಂಜಿನ್ನಿನ ಮ್ಯಾಗ್ನೆಟ್ ಪಕ್ಕದಲ್ಲಿದ್ದು ಕಿಡಿಯ ಸಮಯ ತಿಳಿಸುವ ಪಲ್ಸರ್ ಕಾಯಿಲ್ ಕಾರಣವಾಗಿರುವುದು ಹೆಚ್ಚು. ಒಳಗಿನ ಕೂದಲೆಳೆ ತಂತಿ ಎಲ್ಲೋ ತುಂಡಾಗಿರುತ್ತದೆ. ತಣ್ಣಗಿದ್ದಾಗ ತುದಿಗಳು ತಾಗಿಕೊಂಡಿರುತ್ತವೆ, ಕಾದು ಹಿಗ್ಗಿದರೆ ದೂರ ಸರಿಯುತ್ತವೆ. ಟ್ಯಾಂಕ್ ಮುಚ್ಚಳದ ರೋಗವೂ ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುವುದರಿಂದ ಎರಡನ್ನೂ ಬೇರೆ ಮಾಡುವುದು ಹೇಗೆ? ನಿಂತ ಕೂಡಲೇ, ಆರಲು ಬಿಡದೆ, ಮುಚ್ಚಳ ತೆರೆದು ಕಿಕ್ ಹೊಡೆಯಿರಿ. ಸ್ಟಾರ್ಟ್ ಆದರೆ ಮುಚ್ಚಳ. ಆಗದಿದ್ದರೆ ಆಗಲೇ ಕಿಡಿ ನೋಡಿ. ಬಿಸಿಯಲ್ಲಿ ಕಿಡಿಯಿಲ್ಲ, ಆರಿದ ಮೇಲೆ ಇದೆ ಅಂದರೆ ಕಾಯಿಲ್. ಮೀಟರ್ ಇದ್ದವರು ತಣ್ಣಗಿದ್ದಾಗ ಎರಡೂ ಕಾಯಿಲಿನ ಓಮ್ (ತಂತಿಯ ತಡೆಯ ಅಳತೆ) ಬರೆದಿಟ್ಟು, ನಿಂತಾಗ ಮತ್ತೆ ಅಳೆಯಲಿ. ಬಿಸಿಯಲ್ಲಿ ಮೀಟರ್ ಓಮ್ ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ, ಆ ಕಾಯಿಲನ್ನು ಬದಲಿಸಿ. ಕಾದಾಗ ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಹತ್ತುವುದಿಲ್ಲ ಎಂದಾದರೆ ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದಿರಬಹುದು. ತಣ್ಣಗಿರುವ ಇಂಜಿನ್ನಿನಲ್ಲೇ ಕೈಪಿಡಿ ಹೇಳಿದ ಅಳತೆಗೆ ಸರಿ ಮಾಡಿಸಿ.

ಕಿಡಿ ಚೆನ್ನಾಗಿದ್ದು ಪ್ಲಗ್ ಒಣಗಿದ್ದರೆ ಕಾರ್ಬೊರೇಟರ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಬರುವುದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಬಾಟಲಿಯನ್ನು ಬೆಳಕಿಗೆ ಎತ್ತಿ ನೋಡಿದರೆ ತಳದಲ್ಲಿ ಪಾದರಸದ ಗುಂಡಿನ ಹಾಗೆ ಹೊರಳುವುದು ನೀರು. ಅದು ಪೆಟ್ರೋಲಿಗಿಂತ ಭಾರ, ಕಾರ್ಬೊರೇಟರಿನ ಬೌಲಿನ ತಳಕ್ಕೆ ಕೂತು, ಪೆಟ್ರೋಲ್ ಹೋಗುವ ಸಣ್ಣ ತೂತಿನ ಜೆಟ್ಟಿನ ಬಾಯಿಗೇ ಸಿಗುತ್ತದೆ. ಶುದ್ಧ ಪೆಟ್ರೋಲ್ ಬರುವ ತನಕ ಹರಿಸಿ. ಕಾಕ್ ಆನ್ ಇದ್ದೂ ಧಾರೆ ಕೂಡಲೇ ನಿಂತರೆ ಫಿಲ್ಟರ್, ಪೈಪು, ಕಾಕ್ ಇವುಗಳಲ್ಲಿ ಕಸ. (ಕೆಲವು ಗಾಡಿಗಳ ಕಾಕ್ ಇಂಜಿನ್ನಿನ ಎಳೆತದಿಂದ ತೆರೆಯುತ್ತದೆ, ಅಂಥದರಲ್ಲಿ ಇಂಜಿನ್ ತಿರುಗಿಸಿದಾಗ ಮಾತ್ರ ಧಾರೆ ಬರುತ್ತದೆ.) ಧಾರೆ ಸರಿಯಿದ್ದರೆ ಜೆಟ್ ಕಟ್ಟಿದೆ. ಜೆಟ್ಟಿಗೆ ಸೂಜಿ ಹಾಕಿ ತೂತು ದೊಡ್ಡದು ಮಾಡಬೇಡಿ, ಗಾಳಿ ಊದಿಸಿ. ಪ್ಲಗ್ ತೊಯ್ದಿದ್ದರೆ ಒರೆಸಿ ಹಾಕಿ, ಚೋಕ್ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಐದಾರು ಕಿಕ್ ಹೊಡೆಯಿರಿ; ಹೆಚ್ಚಾದ ಪೆಟ್ರೋಲ್ ಹೊರಹೋಗುತ್ತದೆ.

ಎಫ್‌ಐ ಗಾಡಿಯಲ್ಲಿ (ಕಾರ್ಬೊರೇಟರ್ ಬದಲು ಫ್ಯುಯಲ್ ಇಂಜೆಕ್ಷನ್ ಇರುವುದು) ಬಿಚ್ಚುವುದು ಕಡಿಮೆ, ಕೇಳಿಸಿಕೊಳ್ಳುವುದು ಹೆಚ್ಚು. ಕೀ ಆನ್ ಮಾಡಿದಾಗ ಟ್ಯಾಂಕಿನೊಳಗೆ ಪಂಪು ಎರಡು ಮೂರು ಸೆಕೆಂಡ್ ಗುಂಯ್ ಅನ್ನಬೇಕು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ, ಪಂಪಿನ ಕನೆಕ್ಟರ್ ನೋಡಿ. ಸದ್ದು ಮಂಕಾಗಿದ್ದರೆ ಬ್ಯಾಟರಿ ನೋಡಿ, ಇಂಥ ಗಾಡಿ ಸತ್ತ ಬ್ಯಾಟರಿಯಲ್ಲಿ ಓಡುವುದಿಲ್ಲ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಖಾಲಿ. ಮೊದಲು ಟರ್ಮಿನಲ್ ಬೋಲ್ಟ್ ಅಲ್ಲಾಡುತ್ತದೆಯೇ ನೋಡಿ, ಬಿಳಿ ಪುಡಿ ಕೆರೆದು ಬಿಗಿಮಾಡಿ. ಗಾಡಿ ಸ್ಟಾರ್ಟ್ ಆದ ಮೇಲೆ ಸ್ವಲ್ಪ ರೇಸ್ ಕೊಟ್ಟು ಅಳೆದಾಗ 13.5ರಿಂದ 14.5 ಬರದಿದ್ದರೆ ಚಾರ್ಜ್ ಆಗುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ನಾಳೆ ಅದೇ ಗತಿ.

ನೀರಿನಲ್ಲಿ ಮುಳುಗಿ ನಿಂತ ಗಾಡಿಗೆ ಸೆಲ್ಫ್ ಕೊಡಲೇಬಾರದು. ಸಿಲಿಂಡರಿನಲ್ಲಿ ನೀರಿದ್ದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ತೆಗೆದು, ಕೀ ಆಫ್ ಇಟ್ಟು, ಮೆಲ್ಲಗೆ ಕಿಕ್ ಒತ್ತಿ ನೀರು ಹೊರಹಾಕಿ. ಏರ್ ಫಿಲ್ಟರ್ ಒಣಗಿಸಿ. ಆಯಿಲ್ ಹಾಲು ಬೆರೆಸಿದ ಟೀ ಬಣ್ಣಕ್ಕೆ ಬಂದಿದ್ದರೆ ಬದಲಿಸುವ ತನಕ ಓಡಿಸಬೇಡಿ.

ಇನ್ನು ಬಿಗಿ ಹಿಡಿದು ನಿಂತ ಇಂಜಿನ್. ಕಿಕ್ಕರ್ ಕಲ್ಲಿನ ಹಾಗೆ ನಿಂತಿದ್ದರೆ ಮೇಲೆ ಹತ್ತಿ ತುಳಿಯಬೇಡಿ, ಗೇರಿಗೆ ಹಾಕಿ ತಳ್ಳಲೂ ಬೇಡಿ. ಪೂರ್ತಿ ಆರಲು ಬಿಟ್ಟು ಆಯಿಲ್ ಕಡ್ಡಿ ನೋಡಿ. ಒರೆಸಿ ಅದ್ದುವಾಗ ಹೆಚ್ಚಿನ ಬೈಕುಗಳಲ್ಲಿ ಕಡ್ಡಿಯನ್ನು ತಿರುಪಬಾರದು, ಬರೀ ಕೂರಿಸಿ ತೆಗೆಯಬೇಕು. ಆರಿದ ಮೇಲೆ ಇಂಜಿನ್ ತಿರುಗಿದರೂ ಆಯಿಲ್ ತುಂಬಿ ಮನೆಗೆ ಓಡಿಸುವ ಆಸೆ ಬೇಡ: ಪಿಸ್ಟನ್ ಆಗಲೇ ಬೋರಿನ ಗೋಡೆ ಗೀರಿರುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಕಿಕ್ಕರ್ ಯಾವ ಬಿಗುವೂ ಇಲ್ಲದೆ ಸರ್ರನೆ ಇಳಿದುಹೋದರೆ ಕೀ ಆಫ್ ಇಟ್ಟು, ಪ್ಲಗ್ ತೆಗೆದು, ಆ ತೂತಿಗೆ ಬೆರಳು ಒತ್ತಿ ಕಿಕ್ ಹೊಡೆಸಿ. ಬೆರಳನ್ನು ಗಾಳಿ ತಳ್ಳದಿದ್ದರೆ ವಾಲ್ವ್ ಸಿಕ್ಕಿಕೊಂಡಿದೆ, ಟೈಮಿಂಗ್ ಚೈನ್ ಜಾರಿದೆ ಅಥವಾ ಪಿಸ್ಟನ್ ರಿಂಗ್ ಮುರಿದಿದೆ. ಅಲ್ಲಿಗೆ ರಸ್ತೆ ಬದಿಯ ಕೆಲಸ ಮುಗಿಯಿತು, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ತಳ್ಳಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.