ಅಡ್ಮಿನ್ ಪ್ಯಾನೆಲ್ ಕೊಡದೆ ವೆಬ್‌ಸೈಟು ಮಾಡಿ ನಡೆಸಿದ್ದು: ನನ್ನ ಅನುಭವ

ಶಿವಮೊಗ್ಗದಲ್ಲಿ ವೆಬ್‌ಸೈಟು ಮಾಡಿಕೊಡುವುದು ನನ್ನ ಕೆಲಸ. ಗಿರಾಕಿಗೆ ಅಡ್ಮಿನ್ ಪ್ಯಾನೆಲ್ (ಸೈಟಿನ ಬರಹ, ಚಿತ್ರ ತಾವೇ ಬದಲಿಸುವ ಲಾಗಿನ್ ಪುಟ) ಕೊಡುವುದಿಲ್ಲ, ವರ್ಷದ ಮೇಂಟೆನೆನ್ಸ್ ದುಡ್ಡು ಮುಂಗಡವಾಗಿಯೇ ತೆಗೆದುಕೊಳ್ಳುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರು ಯಾರೂ ನಂಬಲಿಲ್ಲ. ಶಿವಮೊಗ್ಗದಲ್ಲಿ ಅದಕ್ಕೆಲ್ಲ ಯಾರು ಕೊಡ್ತಾರೆ ಅಂದರು. ಈಗ ಮೂರು ವರ್ಷದ ಮೇಲಾಯಿತು. ಹತ್ತಿರ ಹತ್ತಿರ 40 ಸೈಟು ಹೀಗೇ ನಡೆಯುತ್ತಿವೆ. ಕ್ಲಿನಿಕ್, ಹೋಮ್‌ಸ್ಟೇ, ಟ್ಯೂಷನ್ ಸೆಂಟರ್, ಅಡಿಕೆ ಮಂಡಿ, ಎಲ್ಲ ಇವೆ.

ಮೊದಲು ನಾನೂ ಎಲ್ಲರ ಹಾಗೆ ವರ್ಡ್‌ಪ್ರೆಸ್‌ನಲ್ಲೇ, ಅಂದರೆ ಅಡ್ಮಿನ್ ಪ್ಯಾನೆಲ್ ಸಮೇತ ಬರುವ ಸಾಫ್ಟ್‌ವೇರಿನಲ್ಲೇ, ಮಾಡುತ್ತಿದ್ದೆ. ಒಂದು ಸೈಟಿಗೆ 12-15 ಸಾವಿರ, ಅಲ್ಲಿಗೆ ಲೆಕ್ಕ ಮುಗಿಯಿತು. ಆಮೇಲೆ ಬರುವುದೆಲ್ಲ ಬಿಟ್ಟಿ ಫೋನು. ಹೋಸ್ಟಿಂಗ್ (ಸೈಟು ಇಡುವ ಸರ್ವರಿನ ಬಾಡಿಗೆ) ಮೊದಲ ವರ್ಷ ಅಗ್ಗ, ರಿನ್ಯೂ ಮಾಡುವಾಗ ಮೂರು ಪಟ್ಟು, ಅದನ್ನು ಗಿರಾಕಿಗೆ ವಿವರಿಸಿ ವಸೂಲು ಮಾಡುವುದು ಇನ್ನೊಂದು ಕೆಲಸ. 2022ರ ನವೆಂಬರಿನಲ್ಲಿ ವರ್ಡ್‌ಪ್ರೆಸ್ ಬರೆದಿರುವ ಭಾಷೆ ಪಿಎಚ್‌ಪಿಯ 7.4 ಆವೃತ್ತಿಗೆ ಸಪೋರ್ಟ್ ಮುಗಿಯಿತಲ್ವಾ, ಆಮೇಲೆ ಹೋಸ್ಟಿಂಗ್‌ನವರು 8ಕ್ಕೆ ಏರಿಸಿದ ತಕ್ಷಣ ಹಳೆಯ ಥೀಮಿನ ಸೈಟುಗಳೆಲ್ಲ ಒಂದೊಂದಾಗಿ ಬಿಳಿ ಪರದೆ ತೋರಿಸತೊಡಗಿದವು. ಆ ತಿಂಗಳಿಡೀ ದುಡಿದದ್ದಕ್ಕೆ ಒಂದು ರೂಪಾಯಿ ಬರಲಿಲ್ಲ. ಇನ್ನೊಂದು ವಿಷಯವೂ ಆಗ ಕಣ್ಣಿಗೆ ಬಿತ್ತು. ಲಾಗಿನ್ ಹಿಸ್ಟರಿ ನೋಡಿದರೆ ಅಡ್ಮಿನ್ ಪ್ಯಾನೆಲ್ ಒಳಗೆ ಗಿರಾಕಿಗಳು ಹೋಗಿಯೇ ಇಲ್ಲ. ಎಲ್ಲರೂ ಬದಲಾವಣೆಯನ್ನು ವಾಟ್ಸಾಪ್‌ನಲ್ಲೇ ಕಳಿಸುತ್ತಿದ್ದರು. ಯಾರೂ ಮುಟ್ಟದ ಪ್ಯಾನೆಲ್‌ಗೋಸ್ಕರ ಡೇಟಾಬೇಸ್, ಪ್ಲಗಿನ್, ಅಪ್‌ಡೇಟ್ ಎಲ್ಲವನ್ನೂ ನಾನು ಸಾಕುತ್ತಿದ್ದೆ.

ಅಲ್ಲಿಂದ ಹ್ಯೂಗೋಗೆ ಬಂದೆ. ಡೇಟಾಬೇಸ್ ಇಲ್ಲದೆ, ಪುಟಗಳನ್ನು ಮೊದಲೇ ತಯಾರಿಸಿ ಇಡುವ ಸಾಧನ ಅದು. ಕೋಡ್ ಗಿಟ್‌ನಲ್ಲಿ (ಬದಲಾವಣೆಗಳ ದಾಖಲೆ ಇಡುವ ಸಾಧನ), ಸೈಟು ಕ್ಲೌಡ್‌ಫ್ಲೇರ್ ಪೇಜಸ್ ಅನ್ನುವ ಬಿಟ್ಟಿ ಹೋಸ್ಟಿಂಗ್‌ನಲ್ಲಿ. ಹೋಸ್ಟಿಂಗ್ ಖರ್ಚು ಸೊನ್ನೆ. ಡೊಮೇನ್ (ಸೈಟಿನ ವಿಳಾಸ) ಮಾತ್ರ ಗಿರಾಕಿಯ ಹೆಸರಿನಲ್ಲೇ ಇರುತ್ತದೆ. ಇದರಲ್ಲಿ ರಾಜಿ ಇಲ್ಲ, ಅವರ ಆಸ್ತಿ ಅವರದ್ದೇ. ಈಗ ಸೈಟಿಗೆ 25 ಸಾವಿರದಿಂದ ಶುರು, ಅರ್ಧ ದುಡ್ಡು ಬಂದ ಮೇಲೇ ಕೆಲಸ ಮುಟ್ಟುವುದು. ಆಮೇಲೆ ವರ್ಷಕ್ಕೆ 6 ಸಾವಿರ, ಡೊಮೇನ್ ಅದರಲ್ಲೇ ಬಂತು. ವಾಟ್ಸಾಪ್‌ನಲ್ಲಿ ಕಳಿಸಿದ ಸಣ್ಣ ಬದಲಾವಣೆ ಮಾರನೇ ದಿನದೊಳಗೆ ಸೈಟಿನಲ್ಲಿರುತ್ತದೆ. ತಿಂಗಳಿಗೆ 500 ಅಂತ ಕೇಳಿ ನೋಡಿದ್ದೆ, ಮೂರನೇ ತಿಂಗಳಿಗೇ ನಿಂತುಹೋಯಿತು. ವರ್ಷಕ್ಕೊಮ್ಮೆ ಅಂದರೆ ಯಾರೂ ತಕರಾರು ಮಾಡುವುದಿಲ್ಲ. ರಿನ್ಯೂವಲ್‌ಗೆ ಎಷ್ಟು ದಿನ ಮುಂಚೆ, ಯಾವ ಸಂದೇಶ ಕಳಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ವರ್ಷಕ್ಕೆ ಎರಡು ಲಕ್ಷದ ಮೇಲೆ ಈ ಲೆಕ್ಕದಲ್ಲೇ ಬರುತ್ತದೆ, ಹೊಸ ಸೈಟಿನ ದುಡ್ಡು ಬೇರೆ.

ಕಷ್ಟ ಕೊಟ್ಟಿದ್ದು ಕೋಡ್ ಅಲ್ಲ, ಕನ್ನಡ. ಗಿರಾಕಿ ಕೊಡುವ ಮ್ಯಾಟರ್ ಬಹುತೇಕ ಡಿಟಿಪಿ ಅಂಗಡಿಯಿಂದ ಬಂದದ್ದು, ಹಳೆಯ ನುಡಿ ಫಾಂಟಿನಲ್ಲಿ. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಸಂಕೇತ ಅದರಲ್ಲಿಲ್ಲ. ಸೈಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕನ್ವರ್ಟರ್‌ಗಳಿವೆ, ಆದರೆ ಅರ್ಕಾವೊತ್ತಿನ ಹತ್ತಿರ ಎಡವುತ್ತವೆ. ನುಡಿಯಲ್ಲಿ 'ಸೂರ್ಯ' ಬರೆದರೆ ಅರ್ಕಾವೊತ್ತು ಯ ಆದಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು. ನಡುವೆ ಕಾಗುಣಿತವೂ ಸೇರಿಕೊಂಡರೆ, 'ವರ್ಷಾ' 'ಮೂರ್ತಿ' ತರಹದ ಪದಗಳಲ್ಲಿ, ಎಲ್ಲೆಲ್ಲೋ ಹೋಗಿ ಕೂರುತ್ತದೆ. ನನ್ನದೇ ಒಂದು ಪೈಥಾನ್ ಸ್ಕ್ರಿಪ್ಟ್ ಇದೆ, ಅದರ ತಿದ್ದುಪಡಿ ಪಟ್ಟಿ ಈಗ ನೂರಾರು ಸಾಲು. ಅದೂ ನನ್ನ ಹತ್ತಿರವೇ ಇರಲಿ.

ಫಾಂಟಿನದ್ದು ಇನ್ನೊಂದು ಕಥೆ. ನೋಟೋ ಸ್ಯಾನ್ಸ್ ಕನ್ನಡ ಫಾಂಟನ್ನು ಸಬ್‌ಸೆಟ್ ಮಾಡಿ, ಅಂದರೆ ಬೇಡದ ಅಕ್ಷರ ತೆಗೆದು, ಸಣ್ಣದು ಮಾಡಲು ಹೋದವರಿಗೆ ಗೊತ್ತಿರುತ್ತದೆ, ಅಕ್ಷರ ಜೋಡಿಸುವ ಲೇಔಟ್ ಫೀಚರ್‌ಗಳು ಕಳಚಿಹೋದರೆ ಒತ್ತಕ್ಷರ ಎಲ್ಲ ಬಿಚ್ಚಿಕೊಳ್ಳುತ್ತದೆ. ಈ ಕೆಲಸ ಮಾಡುವ ಪೈಎಫ್‌ಟಿಸಬ್‌ಸೆಟ್ ಸಾಧನಕ್ಕೆ ಎಲ್ಲ ಫೀಚರ್ ಉಳಿಸು ಅಂತ ಹೇಳಿ, ವೂಫ್2 (ವೆಬ್ಬಿಗೆಂದೇ ಕುಗ್ಗಿಸಿದ ಫಾಂಟ್ ಫೈಲು) ಮಾಡಿ, ಮಾಮೂಲಿ ಅಕ್ಷರದ ಜೊತೆಗೆ ಬೋಲ್ಡ್ ಒಂದೇ ಒಂದು ಇಟ್ಟುಕೊಂಡರೆ ಸಾಕು. ಇನ್ನು ಲೈನ್ ಹೈಟ್, ಅಂದರೆ ಅಕ್ಷರದ ಗಾತ್ರದ ಎಷ್ಟು ಪಟ್ಟು ಎತ್ತರ ಒಂದು ಸಾಲಿಗೆ ಅನ್ನುವುದು. ಇಂಗ್ಲಿಷಿಗೆ ಬರೆದ ಟೆಂಪ್ಲೇಟಿನಲ್ಲಿ ಶೀರ್ಷಿಕೆಗೆ 1.1, 1.2 ಇರುತ್ತದೆ, ಜಾಗ ಮೀರಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಬೇರೆ. ಒಬ್ಬ ಡಾಕ್ಟರ ಸೈಟಿನಲ್ಲಿ 'ಮೂಳೆ ಮತ್ತು ಕೀಲು ತಜ್ಞರು' ಅನ್ನುವ ಸಾಲಿನ ತಳವೇ ಕತ್ತರಿಸಿಹೋಗಿತ್ತು. ತಕಾರದ ಒತ್ತೂ ಇಲ್ಲ, ಞಕಾರದ ಒತ್ತೂ ಇಲ್ಲ, 'ಮತು ಕೀಲು ತಜರು' ಅಂತ ಓದಿಸಿಕೊಳ್ಳುತ್ತಿತ್ತು. ಬೇರೆಯವರು ಮಾಡಿಕೊಟ್ಟ ಸೈಟು ಅದು, ವರ್ಷಗಟ್ಟಲೆ ಹಾಗೇ ಇತ್ತು. ನಾನು ಶೀರ್ಷಿಕೆಗೆ 1.5, ಮೈಬರಹಕ್ಕೆ 1.7 ಕೆಳಗೆ ಹೋಗುವುದಿಲ್ಲ.

ಸುಮ್ನೆ ಮಾಡಿ ನೋಡಿದ ಪ್ರಯೋಗಗಳೂ ಇವೆ. ಮಂಡಿಯವರಿಗೆ ದಿನದ ದರ ಹಾಕಬೇಕಿತ್ತು. ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಗೊರಬಲು, ಸರಕು, ನಾಲ್ಕೇ ಸಾಲು. ಗೂಗಲ್ ಶೀಟ್ ಒಂದನ್ನು ಪಬ್ಲಿಶ್ ಮಾಡಿ, ಅದರ ಸಿಎಸ್‌ವಿಯನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿ) ಸೈಟು ಓದಿ ತೋರಿಸುವ ಹಾಗೆ ಮಾಡಿದೆ. ಐದು ನಿಮಿಷ ಆಚೀಚೆ ತಡ, ಪರವಾಗಿಲ್ಲ ಅಂದರು. ಒಂದು ದಿನ ದರ ಖಾಲಿ. ನೋಡಿದರೆ ಅಂಗಡಿಯ ಹುಡುಗ ಕನ್ನಡ ಕೀಬೋರ್ಡಿನಲ್ಲಿ ಕನ್ನಡ ಅಂಕಿಯನ್ನೇ ಟೈಪ್ ಮಾಡಿದ್ದ, ಸೈಟಿನಲ್ಲಿ ದರ ಓದುವ ಜಾವಾಸ್ಕ್ರಿಪ್ಟ್‌ ಕೋಡಿಗೆ ಅದು ನಂಬರೇ ಅಲ್ಲ. ಈಗ ೦ಯಿಂದ ೯ರವರೆಗೆ ಬದಲಿಸುವ ಒಂದು ಸಾಲು ಸೇರಿಸಿದ್ದೇನೆ, ಯಾವ ಅಂಕಿ ಹಾಕಿದರೂ ನಡೆಯುತ್ತದೆ.

ಕಾಂಟ್ಯಾಕ್ಟ್ ಫಾರ್ಮ್ ಎಲ್ಲ ಕಡೆ ಕಿತ್ತುಹಾಕಿದೆ. ಬರುತ್ತಿದ್ದದ್ದು ಸ್ಪ್ಯಾಮ್ ಮಾತ್ರ. ಅದರ ಜಾಗಕ್ಕೆ ವಾಟ್ಸಾಪ್ ಬಟನ್, ಒತ್ತಿದರೆ ಸಂದೇಶ ಮೊದಲೇ ಬರೆದಿರುತ್ತದೆ, ಹೋಮ್‌ಸ್ಟೇ ಆದರೆ 'ಯಾವ ದಿನ ಕೊಠಡಿ ಸಿಗಬಹುದು?' ಅಂತ. ಸಂದೇಶ ಚಿಕ್ಕದಿರಲಿ, ಲಿಂಕಿನಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಒಂಬತ್ತು ಅಕ್ಷರ ಆಗುತ್ತದೆ. ಆಗುಂಬೆ ಕಡೆಯ ಒಂದು ಹೋಮ್‌ಸ್ಟೇಯವರಿಗೆ ವಾರಕ್ಕೆ ಒಂದೆರಡು ವಿಚಾರಣೆ ಬರುತ್ತಿದ್ದದ್ದು ದಿನಕ್ಕೆ ಒಂದೆರಡು ಆಯಿತು. ಅಲ್ಲಿ ಸಿಗ್ನಲ್ ಎಷ್ಟಿರುತ್ತದೆ ಅಂತ ಗೊತ್ತಲ್ಲ. 4-5 ಎಂಬಿ ಫೋಟೋಗಳನ್ನು ವೆಬ್‌ಪಿ (ಗಾತ್ರ ಕಡಿಮೆ ಇರುವ ಚಿತ್ರದ ಮಾದರಿ) ಮಾಡಿ 100 ಕೆಬಿ ಸುತ್ತಮುತ್ತ ಇಳಿಸಿದ ಮೇಲೆ ಅವರ ಪೇಜು ಅವರದೇ ಅಂಗಳದಲ್ಲಿ ತೆರೆಯುತ್ತದೆ. ಅದನ್ನು ನೋಡಿಯೇ ಪಕ್ಕದ ಇಬ್ಬರು ನನ್ನ ಹತ್ತಿರ ಬಂದರು.

ಎಲ್ಲರಿಗೂ ಇದು ಹೊಂದುವುದಿಲ್ಲ. ಆನ್‌ಲೈನ್ ಮಾರಾಟ ಇರುವ ಎರಡು ಸೈಟು ಇನ್ನೂ ವರ್ಡ್‌ಪ್ರೆಸ್‌ನ ಅಂಗಡಿ ಪ್ಲಗಿನ್ ವೂಕಾಮರ್ಸ್‌ನಲ್ಲೇ ಇವೆ, ಅವಕ್ಕೆ ವರ್ಷಕ್ಕೆ 18 ಸಾವಿರ ತೆಗೆದುಕೊಳ್ಳುತ್ತೇನೆ. ಅಪ್‌ಡೇಟ್ ಮೊದಲು ಕಾಪಿಯಲ್ಲಿ, ಒಂದು ಆರ್ಡರ್ ಪೂರ್ತಿ ಹಾಕಿ ನೋಡಿ, ಆಮೇಲೆ ಲೈವ್‌ನಲ್ಲಿ. ಅದೂ ಮಂಗಳವಾರ ಬೆಳಿಗ್ಗೆ, ಶುಕ್ರವಾರ ಸಂಜೆ ಯಾವತ್ತೂ ಇಲ್ಲ.