ಕಂಪ್ಯೂಟರ್ ಹೆದರಿಸಿದರೆ ಮೊದಲು ಏನು ನೋಡಬೇಕು

ಗದಗ-ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಬರವಿಲ್ಲ. ನಾನು ಬೆಟಗೇರಿಯ ಮನೆಯಲ್ಲೇ ಕೂತು ಅವರಿಗೆ ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್ಲುಗಳ ಡಿಟಿಪಿ ಮಾಡಿಕೊಡುತ್ತೇನೆ. ಹಾಗಾಗಿ ಓಣಿಯಲ್ಲಿ ಯಾರ ಕಂಪ್ಯೂಟರ್ ಕೈಕೊಟ್ಟರೂ ಫೋನ್ ನನಗೇ ಬರುತ್ತದೆ. ಜಾಸ್ತಿ ಕೇಳುವ ಮಾತು ಇದು: "ಅಕ್ಕಾರ, ವೈರಸ್ ಬಂದೈತಂತ್ರಿ, ಸ್ಕ್ರೀನ್ ಮ್ಯಾಲೆ ಕೆಂಪಗ ಬರಾಕತ್ತೈತಿ."

"ಹಂಗಂತ ಯಾರು ಹೇಳಾಕತ್ತಾರ? ಆ ಡಬ್ಬಿಯೊಳಗ ಹೆಸರು ಓದ್ರಿ" ಅನ್ನುತ್ತೇನೆ. ಎಲ್ಲಕ್ಕಿಂತ ಮುಖ್ಯ ಇದೇ. ಎಚ್ಚರಿಕೆ ಕೊಡುತ್ತಿರುವುದು ವಿಂಡೋಸ್ ಇರಬಹುದು, ಆಂಟಿವೈರಸ್ ಮಾರುವ ಕಂಪನಿ ಇರಬಹುದು, ಬ್ರೌಸರ್‌ನೊಳಗೆ ಸೇರಿಕೊಂಡ ಯಾವುದೋ ವೆಬ್‌ಸೈಟ್ ಇರಬಹುದು. ಮೂರಕ್ಕೂ ಮಾಡುವ ಉಪಾಯ ಬೇರೆ ಬೇರೆ.

ಸ್ಕ್ರೀನಿನ ಬಲಗಡೆ ಕೆಳಗೆ ಬರುವ ಚಿಕ್ಕ ಡಬ್ಬಿಯಲ್ಲಿ ಗೂಗಲ್ ಕ್ರೋಮ್ ಎಂದೂ, ಜೊತೆಗೆ ಒಂದು ವೆಬ್‌ಸೈಟಿನ ವಿಳಾಸವೂ ಇದ್ದರೆ ಅದು ವೈರಸ್ ಸ್ಕ್ಯಾನ್ ಮಾಡಿ ಹೇಳಿದ ಮಾತಲ್ಲ. ಆ ಸೈಟಿನ ಜಾಹೀರಾತು. ಎಂದೋ ರಿಸಲ್ಟ್ ನೋಡುವಾಗಲೋ ಸಿನಿಮಾ ಹುಡುಕುವಾಗಲೋ ಮನೆಯಲ್ಲಿ ಯಾರೋ "ಅಲೌ" ಒತ್ತಿರುತ್ತಾರೆ. ಕ್ರೋಮ್‌ನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅಲ್ಲಿ ಅನುಮತಿ ಪಡೆದ ಸೈಟುಗಳ ಪಟ್ಟಿ ಇರುತ್ತದೆ. ಗುರುತಿಲ್ಲದ ಹೆಸರುಗಳನ್ನೆಲ್ಲ ಬ್ಲಾಕ್ ಮಾಡಿ. ಹಿರಿಯರು ಬಳಸುವ ಕಂಪ್ಯೂಟರ್ ಆದರೆ, ಯಾವ ಸೈಟೂ ನೋಟಿಫಿಕೇಶನ್ ಕಳಿಸದಂತೆ ಅದೇ ಪುಟದಲ್ಲಿ ಆಯ್ಕೆ ಮಾಡಿಬಿಡಿ. ಅವರಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಇಡೀ ಸ್ಕ್ರೀನ್ ತುಂಬಿಕೊಂಡು, ಬೀಪ್ ಎಂದು ಕೂಗುತ್ತಾ, "ಈ ನಂಬರಿಗೆ ಫೋನ್ ಮಾಡಿ" ಎಂದು ಬರುವುದು ಇನ್ನೂ ಕೆಟ್ಟದ್ದು. ನೆನಪಿಡಿ: ವಿಂಡೋಸ್ ಮಾಡುವ ಕಂಪನಿ ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಯಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ನಂಬರ್ ಕಂಡರೆ ಅದು ಮೋಸ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದಾಗ ಬ್ರೌಸರ್ ಆರಿಸಿ "ಎಂಡ್ ಟಾಸ್ಕ್" ಕೊಡಿ. ಮತ್ತೆ ಬ್ರೌಸರ್ ತೆರೆದಾಗ "ರಿಸ್ಟೋರ್" ಎಂದು ಕೇಳಿದರೆ ಬೇಡ ಅನ್ನಿ, ಇಲ್ಲದಿದ್ದರೆ ಅದೇ ಪುಟ ವಾಪಸ್ ಬರುತ್ತದೆ.

ಆಗಲೇ ಫೋನ್ ಮಾಡಿ, ಅವರು ಹೇಳಿದ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ಮೊದಲು ಇಂಟರ್ನೆಟ್ ಬಂದ್ ಮಾಡಿ. ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಪಾಸ್‌ವರ್ಡ್‌ಗಳನ್ನು ಬೇರೆ ಮೊಬೈಲಿನಿಂದ ಬದಲಿಸಿ. ಮನೆಯವರು ಬೈದಾರು ಎಂದು ಎಷ್ಟೋ ಜನ ಮುಚ್ಚಿಡುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ, ಮುಚ್ಚಿಟ್ಟಷ್ಟು ಹೊತ್ತೂ ಹಣ ದೂರ ಹೋಗುತ್ತದೆ.

ಎರಡನೆಯದು ಹೊಸ ಲ್ಯಾಪ್‌ಟಾಪ್ ಜೊತೆ ಬರುವ ಟ್ರಯಲ್ ಆಂಟಿವೈರಸ್. ಅವಧಿ ಮುಗಿದ ಮೇಲೆ ದಿನವೂ "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ" ಎನ್ನುತ್ತದೆ. ನಮ್ಮ ಓಣಿಯ ಕಿರಾಣಿ ಅಂಗಡಿ ಕಾಕಾ ಇದಕ್ಕೆ ಹೆದರಿ ಹಣ ಕಟ್ಟಲು ಹೊರಟಿದ್ದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. 2012ರ ವಿಂಡೋಸ್ 8ರಿಂದ ಈಚೆಗೆ ವಿಂಡೋಸ್ ಒಳಗೇ ಡಿಫೆಂಡರ್ ಎಂಬ ಆಂಟಿವೈರಸ್ ಇದೆ. ಅದಕ್ಕೆ ಬೇರೆ ದುಡ್ಡಿಲ್ಲ. ಬೇರೆ ಆಂಟಿವೈರಸ್ ಹಾಕಿದಾಗ ಅದು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಲೆಕ್ಕ ಬರೆದು, ಬಿಲ್ ಪ್ರಿಂಟ್ ಹಾಕಿ, ಯೂಟ್ಯೂಬ್ ನೋಡುವ ಮನೆಗೆ ಡಿಫೆಂಡರ್ ಸಾಕು.

ಟ್ರಯಲ್ ಅನ್ನು ಸುಮ್ನೆ ಬಿಡಬೇಡಿ, ಕಿತ್ತುಹಾಕಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್, ಅಲ್ಲಿ ಅನ್‌ಇನ್‌ಸ್ಟಾಲ್. ನಂತರ ರಿಸ್ಟಾರ್ಟ್. ಪೂರ್ತಿ ಹೋಗದಿದ್ದರೆ ಆ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ತೆಗೆದುಹಾಕುವ ಟೂಲ್ ಇದೆಯೇ ನೋಡಿ, ಬೇರೆ ಕಡೆಯಿಂದ ಇಳಿಸಿಕೊಳ್ಳಬೇಡಿ. ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಮುಂದೆ ಹಸಿರು ಗುರುತು ಇದೆಯಾ ನೋಡಿ. ಇದನ್ನು ನೋಡದೆ ಏಳಬೇಡಿ. ದುಡ್ಡು ಕೊಟ್ಟು ಕೊಂಡ ಆಂಟಿವೈರಸ್ ಅವಧಿ ಇನ್ನೂ ಇದ್ದರೆ ಅದನ್ನೇ ಬಳಸಿ. ಎರಡೆರಡು ಹಾಕಿದರೆ ಕಂಪ್ಯೂಟರ್ ನಿಧಾನವಾಗುತ್ತದೆ, ರಕ್ಷಣೆ ಎರಡು ಪಟ್ಟು ಆಗುವುದಿಲ್ಲ.

ಇನ್ನು ವಿಂಡೋಸ್ ತಾನೇ ಎಚ್ಚರಿಸಿದರೆ ಕಿವಿಗೊಡಿ. ನಮ್ಮ ಡಿಟಿಪಿ ಕೆಲಸದವರಲ್ಲಿ ಒಂದು ಕೆಟ್ಟ ರೂಢಿ ಇದೆ. ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದ, ಡಿಸೈನ್ ಸಾಫ್ಟ್‌ವೇರ್ ಹಾಕಲು ಆಂಟಿವೈರಸ್ಸನ್ನೇ ಆಫ್ ಮಾಡುತ್ತಾರೆ. ಇದು ಬೀಗ ತೆಗೆದಿಟ್ಟು ಕಳ್ಳನನ್ನು ಕರೆದಂತೆ. ಗಿರಾಕಿಗಳ ಫೋಟೋ, ಆಧಾರ್ ಪ್ರತಿ, ಫೋನ್ ನಂಬರ್ ಎಲ್ಲ ನಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ ಅಲ್ವಾ? ಡಿಸೈನ್ ಮಾಡಲು ಇಂಕ್‌ಸ್ಕೇಪ್ ಉಚಿತ, ಪುಟ ಜೋಡಿಸಲು ಸ್ಕ್ರೈಬಸ್ ಉಚಿತ. ಕಲಿಯಲು ಸ್ವಲ್ಪ ಸಮಯ ಹಿಡಿಯುತ್ತದೆ, ಕಲಿಯಿರಿ.

ಒಳ್ಳೆಯ ಫೈಲನ್ನೂ ಡಿಫೆಂಡರ್ ಕೆಲವೊಮ್ಮೆ ಹಿಡಿಯುವುದುಂಟು. ವಿಂಡೋಸ್ ಸೆಕ್ಯುರಿಟಿಯ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಅದರ ಹೆಸರು ಸಿಗುತ್ತದೆ. ಎಲ್ಲಿಂದ ಬಂದದ್ದೆಂದು ನಿಮಗೆ ಖಾತ್ರಿ ಇದ್ದರೆ ಮಾತ್ರ ಆ ಒಂದು ಫೈಲಿಗೆ ಅನುಮತಿ ಕೊಡಿ. ಇಡೀ ಸಿ ಡ್ರೈವನ್ನು ಸ್ಕ್ಯಾನ್‌ನಿಂದ ಹೊರಗಿಡಬೇಡಿ. ಅನುಮಾನವಿದ್ದರೆ, ಒಂದು ಫೈಲನ್ನು ಹಲವು ಆಂಟಿವೈರಸ್‌ಗಳಿಂದ ಪರೀಕ್ಷಿಸುವ ವೈರಸ್‌ಟೋಟಲ್ ಸೈಟಿಗೆ ಹಾಕಿ ನೋಡಬಹುದು. ಆದರೆ ಅಲ್ಲಿ ಹಾಕಿದ್ದು ಬೇರೆಯವರಿಗೂ ಸಿಗುತ್ತದೆ, ಗಿರಾಕಿಯ ಕಾಗದಪತ್ರ ಹಾಕಲೇಬೇಡಿ.

ಅಪ್‌ಡೇಟ್ ಬಗ್ಗೆ ಎಲ್ಲರಿಗೂ ಸಿಟ್ಟು. ಲಗ್ನದ ಸೀಸನ್ನಿನಲ್ಲಿ, ಪ್ರೆಸ್ಸಿನವರು ಪ್ಲೇಟ್ ಮಾಡಿಸಲು ಕಾಯುವಾಗ ಕಂಪ್ಯೂಟರ್ ತಾನಾಗಿ ರಿಸ್ಟಾರ್ಟ್ ಆದರೆ ಸಂಕಟವೇ. ಹಾಗಂತ ಅಪ್‌ಡೇಟನ್ನೇ ಕೊಲ್ಲಬೇಡಿ, ಅದರ ಹೊತ್ತು ನೀವು ಗೊತ್ತುಮಾಡಿ. ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅಲ್ಲಿ ಆ್ಯಕ್ಟಿವ್ ಅವರ್ಸ್, ಅಂದರೆ ತಾನಾಗಿ ರಿಸ್ಟಾರ್ಟ್ ಆಗಬಾರದ ಹೊತ್ತು. 18 ತಾಸಿನವರೆಗೆ ಹಾಕಬಹುದು. ನನ್ನದು ಬೆಳಿಗ್ಗೆ 6ರಿಂದ ರಾತ್ರಿ 12. ತಿಂಗಳ ದೊಡ್ಡ ಅಪ್‌ಡೇಟ್ ಎರಡನೇ ಮಂಗಳವಾರ ಬಿಡುಗಡೆಯಾಗುತ್ತದೆ, ನಮಗೆ ಅದು ರಾತ್ರಿ. ಆ ವಾರ ತುರ್ತು ಕೆಲಸವಿದ್ದರೆ ಮೊದಲೇ "ಪಾಸ್" (Pause, ಅಂದರೆ ಸದ್ಯಕ್ಕೆ ತಡೆ) ಒತ್ತಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರು ಆ ವೈಫೈಯನ್ನು ಸೆಟ್ಟಿಂಗ್ಸ್‌ನಲ್ಲಿ "ಮೀಟರ್ಡ್" (ಡೇಟಾಕ್ಕೆ ಮಿತಿ ಇದೆ ಎಂಬ ಗುರುತು) ಮಾಡಿದರೆ ಡೇಟಾ ಉಳಿಯುತ್ತದೆ. ಗುಡುಗು ಮಿಂಚಿನ ಸಂಜೆ, ಕರೆಂಟ್ ಹೋಗಿ ಬಂದು ಮಾಡುವಾಗ ಅಪ್‌ಡೇಟಿಗೆ ಕೈಹಾಕಬೇಡಿ. ಸಣ್ಣ ಯುಪಿಎಸ್ ಕಂಪ್ಯೂಟರ್ ಬಂದ್ ಮಾಡಲು ಸಾಕಾಗುವಷ್ಟು ಹೊತ್ತು ಕೊಡುತ್ತದೆ ಅಷ್ಟೇ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ತಕ್ಷಣ ಹೊಸ ಕಂಪ್ಯೂಟರ್ ಕೊಳ್ಳಲು ಓಡಬೇಡಿ. ಇದ್ದ ಕಂಪ್ಯೂಟರಿಗೇ ವಿಂಡೋಸ್ 11 ಹಾಕಬಹುದೇ ಎಂದು ಹೇಳುವ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಆ್ಯಪ್ ಮೊದಲು ಓಡಿಸಿ. ವಿಂಡೋಸ್ 11 ಟಿಪಿಎಂ 2.0 ಎಂಬ, ಕಂಪ್ಯೂಟರಿನೊಳಗಿನ ಸುರಕ್ಷತೆಯ ಭಾಗವನ್ನು ಕೇಳುತ್ತದೆ. ಕೆಲವು ಕಂಪ್ಯೂಟರುಗಳಲ್ಲಿ ಅದು ಇದ್ದೂ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್‌ನಲ್ಲಿ) ಆಫ್ ಆಗಿರುತ್ತದೆ, ಆನ್ ಮಾಡಿದರೆ ಆಯಿತು.

ಆದರೆ ಬಯೋಸ್ ಮುಟ್ಟುವ ಮೊದಲು ಒಂದು ಕೆಲಸ. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ. ಬಯೋಸ್‌ನಲ್ಲಿ ಏನಾದರೂ ಬದಲಾದರೆ ಅದು ಆ ಬೀಗದ (ಹೆಸರು ಬಿಟ್‌ಲಾಕರ್) 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿನ ಫೈಲುಗಳು ಹೋದಂತೆಯೇ, ರಿಪೇರಿಯವರೂ ತೆಗೆಯಲಾರರು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಇವತ್ತೇ ಲಾಗಿನ್ ಆಗಿ ಹುಡುಕಿ, ಕಾಗದದ ಮೇಲೆ ಬರೆದು, ಮನೆಪತ್ರ ಇಡುವ ಕಡೆ ಇಡಿ. ಅದೇ ಲ್ಯಾಪ್‌ಟಾಪಿನೊಳಗೆ ಸೇವ್ ಮಾಡಿದರೆ ಪ್ರಯೋಜನವಿಲ್ಲ.