ಮನೆ ನ್ಯಾಸ್‌ಗೆ ನಾನು ಹಾರ್ಡ್‌ವೇರ್ ಆರಿಸಿದ್ದು: ಡಿಸ್ಕ್ ಮೊದಲು, ಪ್ರೊಸೆಸರ್ ಕೊನೆಗೆ

ಮನೆಯಲ್ಲೇ ನ್ಯಾಸ್ (ಮನೆಯ ನೆಟ್‌ವರ್ಕ್‌ನಲ್ಲಿ ಎಲ್ಲರ ಫೈಲ್ ಇಡುವ ಪೆಟ್ಟಿಗೆ) ಕಟ್ಟಲು ಹೊರಟವರು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನಾನು ಡಿಸ್ಕ್‌ನಿಂದ ಶುರು ಮಾಡಿದೆ. ಈ ಪೆಟ್ಟಿಗೆಗೆ ಆಗುವ ಖರ್ಚಿನಲ್ಲಿ ದೊಡ್ಡ ಪಾಲು ಡಿಸ್ಕಿಗೇ ಹೋಗುತ್ತದೆ. ಡಿಸ್ಕ್ ಎಷ್ಟು ಅಂತ ಗೊತ್ತಾದರೆ ಕ್ಯಾಬಿನೆಟ್ ಎಷ್ಟು ದೊಡ್ಡದಿರಬೇಕು, ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟ್ ಎಷ್ಟಿರಬೇಕು, ಪವರ್ ಸಪ್ಲೈ ಎಂಥದ್ದು ಅನ್ನೋದು ತಾನಾಗೇ ಗೊತ್ತಾಗುತ್ತದೆ.

ನಮ್ಮ ಫೋಟೋ, ವಿಡಿಯೋ, ಸ್ಕ್ಯಾನ್ ಮಾಡಿದ ಕಾಗದಪತ್ರ, ಲ್ಯಾಪ್‌ಟಾಪ್‌ಗಳ ಬ್ಯಾಕಪ್ ಎಲ್ಲ ಸೇರಿದರೂ 3 ಟಿಬಿ ದಾಟುತ್ತಿರಲಿಲ್ಲ. ನನ್ನ ಮುಂದೆ ಎರಡು ದಾರಿ ಇದ್ದವು. ಚಿಕ್ಕ ಡಿಸ್ಕ್ ನಾಲ್ಕು ಹಾಕಿ ರೇಡ್ 5 (ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯುವಂತೆ ಹಂಚಿ ಬರೆಯುವ ವಿಧಾನ) ಥರ ಮಾಡುವುದು ಒಂದು. 8 ಟಿಬಿಯ ಎರಡು ಡಿಸ್ಕ್ ಹಾಕಿ ಮಿರರ್ ಮಾಡುವುದು, ಅಂದರೆ ಒಂದೇ ಡೇಟಾವನ್ನು ಎರಡರಲ್ಲೂ ಬರೆಯುವುದು ಇನ್ನೊಂದು. ನಾನು ಎರಡನೆಯದನ್ನು ಹಿಡಿದೆ. 3.5 ಇಂಚಿನ ಒಂದೊಂದು ಡಿಸ್ಕೂ ಸುಮ್ನೆ ತಿರುಗುತ್ತಿದ್ದರೂ 4-5 ವ್ಯಾಟ್ ತಿನ್ನುತ್ತದೆ. ಒಂದು ಪೋರ್ಟ್, ಒಂದು ಪವರ್ ಕನೆಕ್ಟರ್, ಒಂದಷ್ಟು ಜಾಗ, ಒಂದಷ್ಟು ಗಾಳಿ ಕೇಳುತ್ತದೆ. ಎರಡೇ ಡಿಸ್ಕ್ ಅಂದ ಕೂಡಲೇ ಯಾವುದೇ ಸಾಧಾರಣ ಕಂಪ್ಯೂಟರ್ ಸಾಕಾಗುತ್ತದೆ, ಬೇರೆ ಕಾರ್ಡ್ ಬೇಕಿಲ್ಲ. ಮಿರರ್‌ನಲ್ಲಿ ಅರ್ಧ ಜಾಗ ಹೋಗುತ್ತದೆ ನಿಜ. ಆದರೆ ಒಂದು ಡಿಸ್ಕ್ ಸತ್ತರೆ ಇನ್ನೊಂದರಲ್ಲಿ ಎಲ್ಲವೂ ಪೂರ್ತಿ ಇರುತ್ತದೆ. ಹೊಸದನ್ನು ಸಿಕ್ಕಿಸಿದರೆ ನೇರವಾಗಿ ನಕಲಾಗುತ್ತದೆ.

ಡಿಸ್ಕ್ ಆರಿಸುವಾಗ ನಾನು ಜಾಸ್ತಿ ಹೊತ್ತು ಕಳೆದದ್ದು ಅದು ಸಿಎಂಆರೋ ಎಸ್‌ಎಂಆರೋ ಅಂತ ಪತ್ತೆ ಮಾಡುವುದರಲ್ಲಿ. ಸಿಎಂಆರ್ ಡಿಸ್ಕ್‌ನಲ್ಲಿ ಡೇಟಾ ಬರೆಯುವ ಗೆರೆಗಳು, ಅಂದರೆ ಟ್ರ್ಯಾಕ್‌ಗಳು, ಒಂದರ ಪಕ್ಕ ಒಂದು ಬಿಡಿಯಾಗಿರುತ್ತವೆ. ಎಸ್‌ಎಂಆರ್ ಡಿಸ್ಕ್‌ನಲ್ಲಿ ಅವು ಮಾಡಿನ ಹಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವೆ. ಅದೇ ತಟ್ಟೆಯಲ್ಲಿ ಹೆಚ್ಚು ಡೇಟಾ ಹಿಡಿಯುತ್ತದೆ, ಹಾಗಾಗಿ ಅಗ್ಗ. ಆದರೆ ನಡುವಿನ ಒಂದು ಟ್ರ್ಯಾಕ್ ಬದಲಿಸಬೇಕಾದರೆ ಅದರ ಮೇಲೆ ಕೂತ ಸಾಲನ್ನೆಲ್ಲ ಮತ್ತೆ ಬರೆಯಬೇಕು. ಓದುವಾಗ ಇದು ಗೊತ್ತೇ ಆಗುವುದಿಲ್ಲ. ಮಿರರ್ ಮತ್ತೆ ಕಟ್ಟುವಾಗ ಗಂಟೆಗಟ್ಟಲೆ ನಿಲ್ಲದೆ ಬರೆಯಬೇಕು ನೋಡಿ, ಆಗ ವೇಗ ಪಾತಾಳಕ್ಕೆ ಇಳಿಯುತ್ತದೆ. ಡಿಸ್ಕ್ ಉತ್ತರ ಕೊಡುತ್ತಿಲ್ಲ ಅಂತ ಮಿರರ್ ನಡೆಸುವ ಫೈಲ್‌ಸಿಸ್ಟಮ್ ಝಡ್‌ಎಫ್‌ಎಸ್ ಅದನ್ನು ಹೊರಗೆ ಹಾಕುವುದೂ ಉಂಟು. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಮಾಡೆಲ್‌ಗಳಿವೆ ಅಂತ ಬಯಲಾಗಿ ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಕಂಪನಿ ಸಿಎಂಆರ್ ಡಿಸ್ಕ್‌ಗಳನ್ನು ರೆಡ್ ಪ್ಲಸ್ ಅಂತ ಬೇರೆ ಮಾಡಿತು. ಹಾಗಾಗಿ ಸಾಲಿನ ಹೆಸರನ್ನಷ್ಟೇ ನಂಬಬೇಡಿ. ಪೂರ್ತಿ ಮಾಡೆಲ್ ನಂಬರ್ ಹಿಡಿದು ತಯಾರಕರ ಡೇಟಾಶೀಟ್ ನೋಡಿ. ಅಲ್ಲಿ ಸಿಎಂಆರ್ ಅಂತ ಬರೆದಿಲ್ಲದಿದ್ದರೆ ಮಿರರ್‌ಗೆ ನಾನು ಆ ಡಿಸ್ಕ್ ಕೊಳ್ಳುವುದಿಲ್ಲ.

ಕಂಪ್ಯೂಟರ್ ಸೆಕೆಂಡ್ ಹ್ಯಾಂಡ್ ಇರಲಿ, ಡಿಸ್ಕ್ ಮಾತ್ರ ಹೊಸದಿರಲಿ ಅನ್ನೋದು ನನ್ನ ಪಟ್ಟು. ಡೇಟಾ ಸೆಂಟರ್‌ನಿಂದ ಬಂದ ಹಳೆ ಡಿಸ್ಕ್ ಅಗ್ಗಕ್ಕೆ ಸಿಗುತ್ತದೆ, ಅದರಲ್ಲೂ ಒಳ್ಳೆಯವು ಇರುತ್ತವೆ. ಆದರೆ ಎಷ್ಟು ಗಂಟೆ ಓಡಿದೆ ಅನ್ನುವ ಸ್ಮಾರ್ಟ್ ಲೆಕ್ಕವನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ಅಳಿಸಿ ಮಾರುವವರಿದ್ದಾರೆ. ಸೀಗೇಟ್ ಡಿಸ್ಕ್ ಆದರೆ ಫಾರ್ಮ್ ಅನ್ನೋ ಇನ್ನೊಂದು ದಾಖಲೆ ಒಳಗಿರುತ್ತದೆ, ಸ್ಮಾರ್ಟ್ ಲೆಕ್ಕ ತೋರಿಸುವ ಸ್ಮಾರ್ಟ್‌ಸಿಟಿಎಲ್ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಅದನ್ನು ಓದಬಹುದು. ಎರಡೂ ಕಡೆ ಗಂಟೆ ಹೊಂದದಿದ್ದರೆ ವಾಪಸ್ ಕೊಡಿ. ನಾನು ಎರಡು ಡಿಸ್ಕನ್ನೂ ಬೇರೆ ಬೇರೆ ಕಡೆ ಕೊಂಡೆ. ಒಂದೇ ಬ್ಯಾಚಿನವು ಒಂದೇ ಸಮಯಕ್ಕೆ ಕೈಕೊಡುವುದು ಬೇಡ ಅಂತ.

ಇನ್ನು ಪೆಟ್ಟಿಗೆ. ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಬೇಗ ಕೈಬಿಟ್ಟೆ. 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇರೆ ಅಡಾಪ್ಟರ್‌ನಿಂದ ಬರಬೇಕು. ಯುಎಸ್‌ಬಿ ಮೂಲಕ ಸಿಕ್ಕಿಸಿದ ಡಿಸ್ಕ್ ಮಧ್ಯದಲ್ಲಿ ಒಂದು ಕ್ಷಣ ಮಾಯವಾದರೂ ಮಿರರ್‌ಗೆ ತಲೆನೋವು. ಎರಡು ಡಿಸ್ಕ್ ಕೂರುವ ರೆಡಿಮೇಡ್ ನ್ಯಾಸ್ ಪೆಟ್ಟಿಗೆ ಚೆನ್ನಾಗಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಲು ಇಷ್ಟವಿಲ್ಲದವರಿಗೆ ಅದೇ ಸರಿ. ಆದರೆ ಅಷ್ಟೇ ಖರ್ಚಿಗೆ ಅದಕ್ಕಿಂತ ಎಷ್ಟೋ ಜೋರಾದ ಹಳೆ ಆಫೀಸ್ ಕಂಪ್ಯೂಟರ್ ಬರುತ್ತದೆ.

ಕೊನೆಗೆ ಉಳಿದದ್ದು ಎರಡು: ಇಂಟೆಲ್ ಎನ್100 ಪ್ರೊಸೆಸರ್ ಇರುವ ಹೊಸ ಬೋರ್ಡ್, ಇಲ್ಲವೇ 6ನೇ ತಲೆಮಾರಿನ ಕೋರ್ ಐ5 ಇರುವ ಹಳೆ ಆಫೀಸ್ ಟವರ್. ಎನ್100 ಬರೀ 6 ವ್ಯಾಟ್, ಐ5-6500 65 ವ್ಯಾಟ್, ಹತ್ತು ಪಟ್ಟು ವ್ಯತ್ಯಾಸ ಅಂತ ಹೇಳುವವರು ಬಹಳ. ಅದು ಟಿಡಿಪಿ, ಅಂದರೆ ಪ್ರೊಸೆಸರ್ ಮೈಮುರಿದು ದುಡಿಯುವಾಗ ಹೊರಹಾಕುವ ಶಾಖದ ಲೆಕ್ಕ. ಮನೆಯ ನ್ಯಾಸ್ ದಿನದ ಬಹುಪಾಲು ಸುಮ್ನೆ ಕೂತಿರುತ್ತದೆ, ಅಲ್ವಾ? ಆಗ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನೋದನ್ನೇ ನೋಡಬೇಕು. ಗೋಡೆಯ ಪ್ಲಗ್‌ಗೂ ಹಳೆ ಟವರ್‌ಗೂ ಮಧ್ಯೆ ವ್ಯಾಟ್ ಮೀಟರ್ ಹಾಕಿ ನೋಡಿದೆ. ಆನ್ ಮಾಡಿದಾಗ ಅಂಕಿ 50 ದಾಟಿ ಕುಣಿಯಿತು. ಬೂಟ್ ಮುಗಿದ ಮೇಲೆ ನಿಧಾನಕ್ಕೆ ಇಳಿದು, ಡಿಸ್ಕ್ ಇಲ್ಲದೆ 14 ವ್ಯಾಟ್ ಹತ್ತಿರ ನಿಂತಿತು. ಎರಡು ಡಿಸ್ಕ್ ಸೇರಿಸಿದರೆ 24. ಒಂದು ವ್ಯಾಟ್ ವರ್ಷವಿಡೀ ಉರಿದರೆ 8.76 ಯೂನಿಟ್. ಅಂದರೆ ನನ್ನ ಪೆಟ್ಟಿಗೆಗೆ ವರ್ಷಕ್ಕೆ ಸುಮಾರು 210 ಯೂನಿಟ್. ಎನ್100 ಹಾಕಿ ಐದಾರು ವ್ಯಾಟ್ ಉಳಿಸಿದೆ ಅಂತಲೇ ಇಟ್ಟುಕೊಳ್ಳಿ, ವರ್ಷಕ್ಕೆ 50 ಯೂನಿಟ್ ಆಸುಪಾಸು ಉಳಿಯುತ್ತದೆ. ಅದಕ್ಕೆ ಹೊಸ ಬೋರ್ಡ್, ಕ್ಯಾಬಿನೆಟ್, ಪವರ್ ಸಪ್ಲೈ ಎಲ್ಲ ಕೊಳ್ಳಬೇಕು. ನಿಮ್ಮಲ್ಲಿ ಯೂನಿಟ್ ದರ ಎಷ್ಟಿದೆಯೋ ಅದರಿಂದ ಗುಣಿಸಿ ನೋಡಿ. ನನಗೆ ಹಳೆ ಟವರೇ ಗೆದ್ದಿತು.

ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಆದರೆ ಒಂದೇ ಹೆಸರಿನಲ್ಲಿ ಮೂರು ನಾಲ್ಕು ಗಾತ್ರ ಇರುತ್ತವೆ. ಅಂಗೈ ಅಗಲದ್ದರಲ್ಲಿ 3.5 ಇಂಚಿನ ಡಿಸ್ಕ್ ಹಿಡಿಸುವುದೇ ಇಲ್ಲ. ತೆಳ್ಳಗಿನ ಎಸ್‌ಎಫ್‌ಎಫ್‌ನಲ್ಲಿ ಒಂದು, ಕೆಲವದರಲ್ಲಿ ಎರಡು. ಹಾಗಾಗಿ ಟವರ್ ತೆಗೆದುಕೊಂಡೆ. ಕೊಳ್ಳುವ ಮೊದಲು ಪಕ್ಕದ ಬಾಗಿಲು ತೆಗೆಸಿ ನೋಡಿ. ಬೋರ್ಡಿನಲ್ಲಿ ಸಾಟಾ ಪೋರ್ಟ್ ಎಷ್ಟಿವೆ, ಡಿಸ್ಕ್ ಕೂರುವ ಜಾಗದಲ್ಲಿ ಪಟ್ಟಿಗಳು ಇವೆಯೇ, ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ. ಮುಖ್ಯವಾಗಿ ಪವರ್ ಕನೆಕ್ಟರ್ ಎಣಿಸಿ. ಇಂಥ ಹಲವು ಮಾಡೆಲ್‌ಗಳಲ್ಲಿ ಪವರ್ ಸಪ್ಲೈ ಮಾಮೂಲಿ ಎಟಿಎಕ್ಸ್ ಥರದ್ದಲ್ಲ. ಡಿಸ್ಕಿನ ಕರೆಂಟ್ ಬೋರ್ಡಿನ ಚಿಕ್ಕ ಸಾಕೆಟ್‌ನಿಂದ ಬರುತ್ತದೆ, ಆ ಕೇಬಲ್ ಕಳೆದಿದ್ದರೆ ಹುಡುಕಾಟ ಶುರು. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎರಡು ಡಿಸ್ಕಿಗೆ ಅದು ತೊಂದರೆಯಿಲ್ಲ. ಆರೇಳು ಹಾಕುವ ಯೋಚನೆ ಇದ್ದರೆ ಈ ಕಂಪ್ಯೂಟರ್ ಬಿಟ್ಟುಬಿಡಿ. ಮೋಲೆಕ್ಸ್ ಅನ್ನೋ ಹಳೆ ಬಗೆಯ ಪವರ್ ಕನೆಕ್ಟರ್‌ನಿಂದ ಸಾಟಾಗೆ ಬದಲಿಸುವ, ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಕನೆಕ್ಟರ್‌ಗಳನ್ನು ಮಾತ್ರ ಎಂದೂ ಹಾಕಬೇಡಿ. ಒಳಗೆ ಶಾರ್ಟ್ ಆಗಿ ಬೆಂಕಿ ಹತ್ತಿದ ಉದಾಹರಣೆಗಳಿವೆ.

ರ‍್ಯಾಮ್ 8 ಜಿಬಿ ಇತ್ತು, ನ್ಯಾಸ್‌ಗೆಂದೇ ಇರುವ ಆಪರೇಟಿಂಗ್ ಸಿಸ್ಟಮ್ ಟ್ರೂನ್ಯಾಸ್ ಕೇಳುವ ಕನಿಷ್ಠ ಅಷ್ಟೇ. ಒಂದು ಟಿಬಿಗೆ ಒಂದು ಜಿಬಿ ರ‍್ಯಾಮ್ ಬೇಕು ಅನ್ನೋ ಮಾತು ಮನೆ ಬಳಕೆಗೆ ಹೊಂದುವುದಿಲ್ಲ. ತಪ್ಪನ್ನು ತಾನೇ ತಿದ್ದುವ ಇಸಿಸಿ ರ‍್ಯಾಮ್ ಇದ್ದರೆ ಒಳ್ಳೆಯದೇ, ಆದರೆ ಈ ಆಫೀಸ್ ಬೋರ್ಡ್‌ಗಳಲ್ಲಿ ಅದು ನಡೆಯುವುದಿಲ್ಲ. ಬದಲಿಗೆ ಇದ್ದ ರ‍್ಯಾಮನ್ನೇ ರಾತ್ರಿಯಿಡೀ ಮೆಮ್‌ಟೆಸ್ಟ್ ಅನ್ನೋ ಪರೀಕ್ಷೆಗೆ ಹಚ್ಚಿದೆ. ನೆಟ್‌ವರ್ಕ್ ಬೋರ್ಡಿನ ಗಿಗಾಬಿಟ್ ಪೋರ್ಟೇ. ಸೆಕೆಂಡಿಗೆ 110 ಎಂಬಿ ಬರುತ್ತದೆ, ಫೋಟೋ ವಿಡಿಯೋಗೆ ಧಾರಾಳವಾಯಿತು. ಆಪರೇಟಿಂಗ್ ಸಿಸ್ಟಮ್‌ಗೆ ಒಂದು ಚಿಕ್ಕ ಹಳೆ ಎಸ್‌ಎಸ್‌ಡಿ. ಮುಂದೆ ಪೋರ್ಟ್ ಸಾಲದಿದ್ದರೆ ಎಎಸ್‌ಎಂ1166 ಚಿಪ್ ಇರುವ ಆರು ಪೋರ್ಟಿನ ಕಾರ್ಡ್ ಹಾಕುತ್ತೇನೆ. ಒಂದೇ ಪೋರ್ಟನ್ನು ಹಲವು ಡಿಸ್ಕಿಗೆ ಹಂಚುವ ಪೋರ್ಟ್ ಮಲ್ಟಿಪ್ಲೈಯರ್ ಇರುವ ಕಾರ್ಡ್ ಬೇಡ.

ಹೊಸ ಡಿಸ್ಕ್ ಬಂದ ಕೂಡಲೇ ಡೇಟಾ ತುಂಬಿಸಲಿಲ್ಲ. ಮೊದಲು ಸ್ಮಾರ್ಟ್‌ನ ಲಾಂಗ್ ಟೆಸ್ಟ್, ಆಮೇಲೆ ಬ್ಯಾಡ್‌ಬ್ಲಾಕ್ಸ್ ಅನ್ನೋ ಪರೀಕ್ಷಾ ತಂತ್ರಾಂಶ. ಬರೆಯುವ ಮೋಡ್‌ನಲ್ಲಿ ಅದು ಇಡೀ ಡಿಸ್ಕನ್ನು ನಾಲ್ಕು ಬಗೆಯ ಮಾದರಿಗಳಿಂದ ತುಂಬಿಸಿ, ಪ್ರತಿ ಸಲವೂ ಓದಿ ತಾಳೆ ನೋಡುತ್ತದೆ. ಡಿಸ್ಕ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಖಾಲಿ ಡಿಸ್ಕ್ ಮೇಲಷ್ಟೇ ಓಡಿಸಿ. 8 ಟಿಬಿಗೆ ಬ್ಲಾಕ್ ಗಾತ್ರ 4096 ಅಂತ ನಾವೇ ಹೇಳಬೇಕು. ತಾನಾಗಿ ತೆಗೆದುಕೊಳ್ಳುವ 1024ರಲ್ಲಿ ಬ್ಲಾಕ್‌ಗಳ ಲೆಕ್ಕ ಅದರ ಮಿತಿ ಮೀರಿ ಶುರುವೇ ಆಗುವುದಿಲ್ಲ. ಇದು ಹಲವು ದಿನ ಓಡುತ್ತದೆ, ಓಡಲಿ ಬಿಡಿ. ಮುಗಿದ ಮೇಲೆ ಸ್ಮಾರ್ಟ್ ಪಟ್ಟಿಯಲ್ಲಿ 5, 197, 198ನೇ ಸಾಲುಗಳ (ಕೆಟ್ಟ ಜಾಗಗಳ ಲೆಕ್ಕ) ಕೊನೆಯ ಅಂಕಿ ಸೊನ್ನೆಯೇ ಇರಬೇಕು. ಹೊಸ ಡಿಸ್ಕ್‌ನಲ್ಲಿ ಒಂದೇ ಒಂದು ಬಂದರೂ ನಾನು ಬದಲಿಸಿ ಕೇಳುತ್ತೇನೆ. 199ನೇ ಸಾಲು (ಡೇಟಾ ಸಾಗುವಾಗ ಆದ ದೋಷಗಳ ಲೆಕ್ಕ) ಏರುತ್ತಿದ್ದರೆ ಮೊದಲು ಸಾಟಾ ಕೇಬಲ್ ಬದಲಿಸಿ, ಬಹಳ ಸಲ ಡಿಸ್ಕಿನದು ತಪ್ಪಿರುವುದಿಲ್ಲ.

ಹಳೆ ಟವರ್‌ನಿಂದ ಉಳಿದ ಹಣದಲ್ಲಿ ಎರಡು ಸಾಮಾನು ಬಂದವು. ಒಂದು ಚಿಕ್ಕ ಯುಪಿಎಸ್. ಯುಎಸ್‌ಬಿ ಕೇಬಲ್ ಇರುವುದನ್ನೇ ಕೊಂಡೆ, ಬ್ಯಾಟರಿ ಇಳಿದಾಗ ನ್ಯಾಸ್ ತಾನೇ ಶಟ್‌ಡೌನ್ ಆಗುತ್ತದೆ. ಕರೆಂಟ್ ಬಂದಾಗ ತಾನೇ ಆನ್ ಆಗುವಂತೆ ಬಯೋಸ್‌ನಲ್ಲಿ ಹೇಳಿಟ್ಟಿದ್ದೇನೆ. ಇನ್ನೊಂದು ಎಕ್ಸ್‌ಟರ್ನಲ್ ಡಿಸ್ಕ್. ಮಿರರ್ ಇದೆ ಅಂತ ಬ್ಯಾಕಪ್ ಬಿಡಲಾಗುವುದಿಲ್ಲ. ಕೈತಪ್ಪಿ ಅಳಿಸಿದ ಫೋಲ್ಡರ್ ಎರಡೂ ಡಿಸ್ಕ್‌ನಿಂದ ಒಟ್ಟಿಗೇ ಅಳಿಸಿಹೋಗುತ್ತದೆ. ಈ ಡಿಸ್ಕನ್ನು ಆಗಾಗ ತಂದು ನಕಲು ಮಾಡಿ, ಮತ್ತೆ ಬೇರೆ ಮನೆಯಲ್ಲಿ ಇಡುತ್ತೇನೆ. ಇದು ಎಸ್‌ಎಂಆರ್ ಡಿಸ್ಕೇ, ಬೇಕೆಂದೇ ಕೊಂಡದ್ದು. ಇದರ ಮೇಲೆ ರೇಡ್ ಇಲ್ಲ, ಹೊಸ ಫೈಲ್‌ಗಳು ಒಂದರ ಹಿಂದೆ ಒಂದು ಸೇರುತ್ತವೆ ಅಷ್ಟೇ. ನಿಧಾನವಾದರೆ ರಾತ್ರಿ ಹಚ್ಚಿ ಮಲಗಿದರಾಯಿತು.